ಅಂಗೈ ನೆಲಕ್ಕೆ ಊರುವವರೆಗೆ

ಮುಂಗೈಯ ಎರಡು ಉದ್ದ ಮೂಳೆಗಳು ಅಂಗೈ ಬುಡದ ಎಂಟು ಪುಟ್ಟ ಮೂಳೆಗಳನ್ನು ಕೂಡುವ ಜಾಗವೇ ಮಣಿಕಟ್ಟು. ಉದ್ದ ಮೂಳೆಗಳಲ್ಲಿ ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಅಂಗೈ ಮೇಲೆ ಬೀಳುವ ಭಾರದಲ್ಲಿ ಸುಮಾರು ಶೇ. 80ರಷ್ಟನ್ನು ರೇಡಿಯಸ್ಸಿನ ತುದಿ ಹೊರುತ್ತದೆ. ಉಳಿದದ್ದು ಅಲ್ನಾದ ಪಾಲು. ಅಂಗೈಯನ್ನು ಮೇಲೆ ಕೆಳಗೆ ಹೊರಳಿಸುವಾಗ ಅಲ್ನಾ ಹೆಚ್ಚು ಕದಲುವುದಿಲ್ಲ, ರೇಡಿಯಸ್ ಅದರ ಸುತ್ತ ತಿರುಗುತ್ತದೆ. ರೇಡಿಯಸ್ ತುದಿಯ ಮೇಲ್ಮೈ ಸಮತಟ್ಟಾಗಿಲ್ಲ. ಅಂಗೈಯ ಕಡೆಗೆ ಸುಮಾರು 11 ಡಿಗ್ರಿ, ಕಿರುಬೆರಳ ಕಡೆಗೆ ಸುಮಾರು 22 ಡಿಗ್ರಿ ವಾಲಿಕೊಂಡಿದೆ. ಮೂಳೆಯ ನಡುಭಾಗದ ಗೋಡೆ ದಪ್ಪ ಮತ್ತು ಗಟ್ಟಿ. ತುದಿಯಲ್ಲಾದರೋ ತೆಳುವಾದ ಹೊರಪದರದೊಳಗೆ ಜಾಲರಿ ಮೂಳೆ ತುಂಬಿರುತ್ತದೆ. ರಕ್ತ ಧಾರಾಳವಾಗಿ ಹರಿಯುವ ಈ ಜಾಲರಿ ಸುಲಭವಾಗಿ ಕುಸಿಯುತ್ತದೆ, ಹಾಗೆಯೇ ಬೇಗ ಕೂಡಿಕೊಳ್ಳುತ್ತದೆ. ರೇಡಿಯಸ್ ತುದಿ ಮುರಿದು ಕೂಡದೆ ಉಳಿಯುವುದು ಅಪರೂಪ. ಯಾವ ಆಕಾರದಲ್ಲಿ ಕೂಡುತ್ತದೆ, ಕೂಡಿದ ಮೇಲೆ ಕೈ ಏನೇನು ಮಾಡಬಲ್ಲದು ಎಂಬುದೇ ಚಿಕಿತ್ಸೆಯ ಮುಂದಿರುವ ಪ್ರಶ್ನೆ.

ಬೀಳುವಾಗ ಯಾರಾದರೂ ತಮಗರಿವಿಲ್ಲದೆಯೇ ಅಂಗೈ ಮುಂದೆ ಚಾಚುತ್ತಾರೆ. ಮೈಭಾರವೆಲ್ಲ ಅಂಗೈಯ ಬುಡಕ್ಕೆ ಬಂದು, ಅಲ್ಲಿಂದ ರೇಡಿಯಸ್ಸಿನ ತುದಿಗೆ ಇಳಿಯುತ್ತದೆ. ಹೈದರಾಬಾದಿನಂಥ ನಗರದಲ್ಲಿ ಹೀಗೆ ಕೈ ಮುರಿದುಕೊಂಡು ಬರುವವರಲ್ಲಿ ಎರಡು ಗುಂಪು ಕಾಣುತ್ತದೆ. ಬೈಕು, ಸ್ಕೂಟರುಗಳಿಂದ ಉರುಳಿದವರು, ಕಟ್ಟಡ ಕೆಲಸದಲ್ಲಿ ಎತ್ತರದಿಂದ ಬಿದ್ದ ಕೂಲಿಗಳು, ಸಂಕ್ರಾಂತಿಯ ಹೊತ್ತಿಗೆ ಗಾಳಿಪಟದ ಮೇಲೆ ಕಣ್ಣಿಟ್ಟು ಮಾಳಿಗೆಯ ಅಂಚು ಮರೆತ ಹುಡುಗರು ಒಂದು ಗುಂಪು. ಇವರ ಮೂಳೆ ಗಟ್ಟಿ, ಆದರೆ ಪೆಟ್ಟು ಜೋರು. ಮುರಿತ ಕೀಲಿನೊಳಕ್ಕೂ ಸೀಳಿಕೊಂಡು ಹೋಗಿ ತುಂಡುಗಳು ಚದುರಿರುತ್ತವೆ. ಇನ್ನೊಂದು ಗುಂಪು 50 ದಾಟಿದ ಹೆಂಗಸರದು. ತಾಂಡೂರು ಕಲ್ಲೋ ಶಹಾಬಾದ್ ಕಲ್ಲೋ ಹಾಸಿದ ಬಚ್ಚಲಲ್ಲಿ ಕಾಲು ಜಾರಿ, ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಇವರ ಮಣಿಕಟ್ಟು ಮುರಿದಿರುತ್ತದೆ. ಪೆಟ್ಟು ಸಣ್ಣದಾಗಿದ್ದೂ ಮೂಳೆ ಮುರಿಯಿತೆಂದರೆ ಮೂಳೆಯನ್ನೇ ವಿಚಾರಿಸಬೇಕು. ಆ ವಿಷಯ ಮುಂದೆ ಬರುತ್ತದೆ.

ಇದೇ ರೀತಿ ಬಿದ್ದಾಗ, ಅದರಲ್ಲೂ ಹರೆಯದವರಲ್ಲಿ, ರೇಡಿಯಸ್ಸಿನ ಬದಲು ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಮುರಿಯುವುದುಂಟು. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವಾಗುವುದು ಇದರ ಗುರುತು. ಮೊದಲ ದಿನದ ಎಕ್ಸ್-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಆದ್ದರಿಂದ ಅನುಮಾನವಿದ್ದರೆ ಪಟ್ಟಿ ಕಟ್ಟಿ, 10–14 ದಿನಗಳ ಬಳಿಕ ಮತ್ತೆ ಚಿತ್ರ ತೆಗೆಯುತ್ತಾರೆ. ಸ್ಕೇಫಾಯ್ಡಿಗೆ ರಕ್ತ ಬರುವುದು ಬಹುಪಾಲು ಬೆರಳ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಪ್ಪಿ ಅದು ಒಣಗಿಹೋಗಬಹುದು. ಬರೀ ಉಳುಕು ಎಂದು ತಿಕ್ಕಿಸಿಕೊಂಡು ಸುಮ್ಮನಾದ ಎಷ್ಟೋ ಮಣಿಕಟ್ಟುಗಳ ಹಿಂದೆ ಕೂಡದ ಸ್ಕೇಫಾಯ್ಡ್ ಇರುತ್ತದೆ.

ರೇಡಿಯಸ್ ತುದಿಯ ಮುರಿತವನ್ನು ಶತಮಾನಗಳವರೆಗೆ ವೈದ್ಯರು ಕೀಲು ತಪ್ಪಿದೆಯೆಂದೇ ತಿಳಿದಿದ್ದರು. ಫ್ರಾನ್ಸಿನ ಲಿಯೋನ್ ನಗರದ ಕ್ಲೋದ್ ಪುತೋ ಹದಿನೆಂಟನೆಯ ಶತಮಾನದಲ್ಲೇ ಇದು ಮೂಳೆ ಮುರಿತವೆಂದು ಬರೆದರೂ ಆ ಮಾತು ಹೊರಗೆ ಹರಡಲಿಲ್ಲ. 1814ರಲ್ಲಿ ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಅದನ್ನು ವಿವರವಾಗಿ ಬರೆದ. ರೇಡಿಯಸ್ಸಿನ ತುದಿ ಕೈಯ ಹಿಂಬದಿಗೆ ಜರುಗಿ, ಮಣಿಕಟ್ಟು ಊಟದ ಫೋರ್ಕಿನಂತೆ ಬಾಗಿ ಕಾಣುವ ಈ ಮುರಿತಕ್ಕೆ ಇಂದಿಗೂ ಅವನದೇ ಹೆಸರು. ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಕಾಲಿಸ್ ಬೆರಳಿನಿಂದ ಮುಟ್ಟಿ, ಎಳೆದು, ಒತ್ತಿ ನೋಡಿಯೇ ಮುರಿದ ಜಾಗವನ್ನು ಗುರುತಿಸಿದ್ದ. ಇಂಥ ಮುರಿತ ವಕ್ರವಾಗಿಯೇ ಉಳಿದರೂ ಕಾಲಾಂತರದಲ್ಲಿ ನೋವು ಇಳಿದು ಕೈಗೆ ಚಲನೆ ಮರಳುತ್ತದೆ ಎಂದೂ ಅವನು ಬರೆದ. ಅದು ಅತಿಯಾದ ಭರವಸೆಯೆಂದು ಮುಂದಿನ ತಲೆಮಾರುಗಳು ಟೀಕಿಸಿದವು. ವಯಸ್ಸಾದವರ ಮಟ್ಟಿಗೆ ಅದರಲ್ಲಿ ಸತ್ಯದ ಅಂಶ ಎಷ್ಟಿದೆಯೆಂದು ಗೊತ್ತಾದದ್ದು ಇತ್ತೀಚಿನ ಅಧ್ಯಯನಗಳಿಂದ.

ಕೈ ಮುರಿದ ಮೊದಲ ಗಂಟೆಯಲ್ಲಿ ಮನೆಯವರು ಮಾಡಬೇಕಾದ ಅತಿ ಮುಖ್ಯ ಕೆಲಸವೆಂದರೆ ಬಳೆ, ಉಂಗುರ, ವಾಚು ತೆಗೆಯುವುದು. ಊತ ಏರಿದ ಮೇಲೆ ಅವು ಬರುವುದಿಲ್ಲ. ಬಿಗಿದ ಉಂಗುರ ಬೆರಳಿನ ರಕ್ತವನ್ನೇ ತಡೆಯುತ್ತದೆ. ಲಾಡ್ ಬಜಾರಿನ ಅರಗಿನ ಬಳೆಯಾಗಲಿ, ಮದುವೆಯಲ್ಲಿ ತೊಟ್ಟ ಚಿನ್ನದ ಬಳೆಯಾಗಲಿ ಕತ್ತರಿಸಲು ಹಿಂಜರಿಯಬಾರದು. ಆಮೇಲೆ ಮಣಿಕಟ್ಟು ಅಲುಗದಂತೆ ರಟ್ಟೋ ದಪ್ಪ ಪತ್ರಿಕೆಯ ಸುರುಳಿಯೋ ಇಟ್ಟು ಸಡಿಲವಾಗಿ ಕಟ್ಟಿ, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಆಸ್ಪತ್ರೆಗೆ ಹೋಗಬೇಕು.

ಹೈದರಾಬಾದಿನಲ್ಲಿ ಆ ದಾರಿ ನೇರವಾಗಿ ಆಸ್ಪತ್ರೆಗೇ ಹೋಗುತ್ತದೆ ಎನ್ನುವಂತಿಲ್ಲ. ನಗರದ ಅನೇಕ ಬೀದಿಗಳಲ್ಲಿ 'ಪುತ್ತೂರು ಕಟ್ಟು' ಎಂಬ ಬೋರ್ಡು ಕಾಣುತ್ತದೆ. ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ, ಆಂಧ್ರದ ತಿರುಪತಿ ಸೀಮೆಯದು. ಅಲ್ಲಿನ ರಾಜು ಮನೆತನದವರು ತಲೆಮಾರುಗಳಿಂದ ಸೊಪ್ಪಿನ ಲೇಪ, ಮೊಟ್ಟೆಯ ಬಿಳಿಭಾಗ, ಬಟ್ಟೆ, ಬಿದಿರ ದಬ್ಬೆಗಳಿಂದ ಮೂಳೆ ಕಟ್ಟುತ್ತ ಬಂದರು. ಆ ಹೆಸರು ದಕ್ಷಿಣ ಭಾರತವಿಡೀ ಹರಡಿತು. ಹೆಸರನ್ನು ಬಳಸುವವರೆಲ್ಲ ಆ ಮನೆತನದವರಲ್ಲ. ಈ ಕಟ್ಟಿನ ಮೇಲೆ ಜನರಿಗೆ ನಂಬಿಕೆ ಬಂದದ್ದು ಸುಮ್ಮನೆ ಅಲ್ಲ. ಜರುಗದ ಮುರಿತ ಯಾವ ದಬ್ಬೆಯೊಳಗೆ ಅಲುಗದೆ ಇದ್ದರೂ ಕೂಡುತ್ತದೆ, ಕಟ್ಟುವವರು ಹತ್ತಿರದಲ್ಲೇ ಸಿಗುತ್ತಾರೆ, ಕಡಿಮೆ ದುಡ್ಡಿಗೆ ಕಟ್ಟುತ್ತಾರೆ, ರೋಗಿಯ ಕೂಡ ಮಾತಾಡುತ್ತಾರೆ. ಅಪಾಯ ಇರುವುದು ಊದುತ್ತಿರುವ ಕೈಗೆ ಸುತ್ತಲೂ ಬಿಗಿದ ಕಟ್ಟಿನಲ್ಲಿ. ಒಳಗಿನ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುತ್ತವೆ. ಜರ್ಮನಿಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿ ಬಿಗಿಪಟ್ಟಿಯೇ ಇದಕ್ಕೆ ಕಾರಣವೆಂದು ವಿವರಿಸಿದ. ಆಸ್ಪತ್ರೆಯ ಪ್ಲಾಸ್ಟರಿನಿಂದಲೂ ಇದು ಆಗಬಹುದು. ಕಟ್ಟು ಯಾರು ಹಾಕಿದ್ದಾದರೂ, ಬೆರಳು ತಣ್ಣಗಾಗುವುದು, ಜೋಮು ಹಿಡಿಯುವುದು, ಬೆರಳನ್ನು ಬೇರೆಯವರು ನೆಟ್ಟಗೆ ಮಾಡಿದರೆ ಚೀರುವಷ್ಟು ನೋವಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿಯೇ ಹೋಗಿ ಬಿಚ್ಚಿಸಬೇಕು.

ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ದೊಡ್ಡ ಆಸ್ಪತ್ರೆಯೆಂದರೆ ಅಲ್ಲಿನ ಕನ್ನಡಿಗರು ಇಂದಿಗೂ ಹೈದರಾಬಾದಿನ ಬಸ್ಸು, ರೈಲು ಹತ್ತುವುದುಂಟು. ನಗರದ ಪಂಜಗುಟ್ಟದಲ್ಲಿರುವ ನಿಮ್ಸ್ ವೈದ್ಯಕೀಯ ಸಂಸ್ಥೆ ಇಂದು ಎಲ್ಲ ಬಗೆಯ ಉನ್ನತ ಚಿಕಿತ್ಸೆಗೆ ಹೆಸರಾಗಿದ್ದರೂ, 1960ರ ದಶಕದಲ್ಲಿ ಅದು ಶುರುವಾದದ್ದು ನಿಜಾಮರ ದತ್ತಿಯಿಂದ ಎದ್ದ ಮೂಳೆ ಆಸ್ಪತ್ರೆಯಾಗಿ. ಮೂಳೆ ಕೂರಿಸುವಾಗ ನೋವು ತಡೆಯುವ ವಿದ್ಯೆಗೂ ಈ ನಗರಕ್ಕೂ ಹಳೆಯ ನಂಟಿದೆ. ಕ್ಲೋರೋಫಾರ್ಮಿನಿಂದ ರೋಗಿ ಸಾಯುವುದು ಉಸಿರು ನಿಂತೋ ಹೃದಯ ನಿಂತೋ ಎಂದು ಪರೀಕ್ಷಿಸಲು ಎಡ್ವರ್ಡ್ ಲಾರಿ ಎಂಬ ವೈದ್ಯನ ಮುಂದಾಳುತನದಲ್ಲಿ, ನಿಜಾಮ್ ಸರ್ಕಾರದ ಹಣದಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಇಲ್ಲಿ ಕೆಲಸ ಮಾಡಿದವು. ಹೃದಯಕ್ಕೆ ಅಪಾಯವಿಲ್ಲವೆಂಬ ಅವುಗಳ ತೀರ್ಮಾನ ಮುಂದೆ ನಿಲ್ಲಲಿಲ್ಲ. ಅರಿವಳಿಕೆ ಕೊಡುವಾಗ ಉಸಿರಾಟದ ಮೇಲೆ ಕಣ್ಣಿಡಬೇಕೆಂಬ ಎಚ್ಚರಿಕೆ ಉಳಿಯಿತು.

ಈಗ ಜರುಗಿದ ಮುರಿತವನ್ನು ಕೂರಿಸಲು ಬಹಳ ಸಲ ಪೂರ್ತಿ ಅರಿವಳಿಕೆ ಬೇಕಿಲ್ಲ. ಮುರಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತದೊಳಕ್ಕೇ ಮರಗಟ್ಟಿಸುವ ಮದ್ದು ಚುಚ್ಚುತ್ತಾರೆ. ಒಬ್ಬರು ಮೊಣಕೈ ಹಿಡಿದುಕೊಂಡರೆ ಇನ್ನೊಬ್ಬರು ಬೆರಳುಗಳನ್ನು ಎಳೆದು, ಸಿಕ್ಕಿಕೊಂಡ ತುಂಡುಗಳನ್ನು ಬಿಡಿಸಿ, ಹಿಂದಕ್ಕೆ ಜರುಗಿದ ತುದಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತುತ್ತಾರೆ. ಮೊದಲು ಹಾಕುವುದು ಅರೆಪಟ್ಟಿ. ಊತ ಇಳಿದ ಮೇಲೆ ಪೂರ್ತಿ ಪ್ಲಾಸ್ಟರ್. ಈ ಪ್ಲಾಸ್ಟರ್ ಪಟ್ಟಿಯನ್ನು ಬಳಕೆಗೆ ತಂದವನು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮತೈಸನ್. ಅವನ ಬರಹ ಪ್ರಕಟವಾದದ್ದು 1852ರಲ್ಲಿ. ಪಟ್ಟಿ ಮುರಿತವನ್ನು ಹಿಡಿದಿಡುವುದು ತನ್ನ ದಪ್ಪದಿಂದಲ್ಲ, ಒದ್ದೆಯಿರುವಾಗ ಮೂರು ಕಡೆ ಒತ್ತಿ ಕೊಟ್ಟ ಆಕಾರದಿಂದ. ಹಿಂದೆ ಮಣಿಕಟ್ಟನ್ನು ಬಲವಾಗಿ ಕೆಳಕ್ಕೆ ಮಡಚಿ ಪಟ್ಟಿ ಹಾಕುತ್ತಿದ್ದರು. ಅದರಿಂದ ಅಂಗೈಗೆ ಹೋಗುವ ಮೀಡಿಯನ್ ನರ ಹಿಸುಕಿಹೋಗಿ, ಬೆರಳು ಸೆಟೆದುಕೊಳ್ಳುತ್ತಿದ್ದುದರಿಂದ ಆ ಪದ್ಧತಿಯನ್ನು ಬಿಟ್ಟರು. ಪ್ಲಾಸ್ಟರ್ ಅಂಗೈಯ ಗೆರೆಗಳಾಚೆ ಬೆರಳ ಬುಡದ ಗೆಣ್ಣುಗಳವರೆಗೆ ಬಂದಿದ್ದರೆ ಅದು ತಪ್ಪಾಗಿ ಹಾಕಿದ ಪಟ್ಟಿ. ಮುಷ್ಟಿ ಪೂರ್ತಿ ಕಟ್ಟಲು ಬರುವಂತಿರಬೇಕು.

ಕೂರಿಸಿದ ಮೂಳೆ ಕೂತಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. ಹಿಂಬದಿಯ ಜಾಲರಿ ಪುಡಿಯಾಗಿದ್ದರೆ, ವಯಸ್ಸು ಹೆಚ್ಚಿದ್ದರೆ, ಅದು ಮತ್ತೆ ಕುಸಿಯುತ್ತದೆ. ಹಾಗಾಗಿಯೇ ಒಂದು ಮತ್ತು ಎರಡನೆಯ ವಾರದ ಎಕ್ಸ್-ರೇ ತಪ್ಪಿಸಬಾರದು. ಮೂರು ವಾರ ಕಳೆದರೆ ಹೊಸ ಮೂಳೆ ಅಂಟಿಕೊಳ್ಳತೊಡಗಿ, ಕೈಯಿಂದ ಸರಿಪಡಿಸುವುದು ಕಷ್ಟವಾಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಹಲವು ಬಗೆಗಳಿವೆ. ಚರ್ಮದ ಮೂಲಕ ಕೆ-ವೈರ್ ಎಂಬ ತೆಳು ತಂತಿಗಳನ್ನು ಚುಚ್ಚಿ ತುಂಡುಗಳನ್ನು ಪೋಣಿಸುವುದು ಹಳೆಯದು, ಅಗ್ಗದ್ದು. ಚರ್ಮ ಹರಿದು ಗಾಯವಾಗಿದ್ದರೆ, ಮೂಳೆ ತೀರಾ ಪುಡಿಯಾಗಿದ್ದರೆ ಹೊರಗಿನಿಂದ ಸಲಾಕೆಯ ಚೌಕಟ್ಟು ಹಾಕುತ್ತಾರೆ. ಈ ಶತಮಾನದ ಆರಂಭದಿಂದ ಎಲ್ಲೆಡೆ ಹಬ್ಬಿದ್ದು ಅಂಗೈ ಬದಿಯಿಂದ ಕೂರಿಸುವ ಪ್ಲೇಟು. ಅದರ ಸ್ಕ್ರೂಗಳು ಪ್ಲೇಟಿಗೇ ಬಿಗಿದುಕೊಳ್ಳುವುದರಿಂದ ಮೆತ್ತಗಿನ ಮೂಳೆಯಲ್ಲೂ ಹಿಡಿತ ಸಿಗುತ್ತದೆ, ಸುಮಾರು ಎರಡು ವಾರಕ್ಕೆ ಮಣಿಕಟ್ಟು ಆಡಿಸಬಹುದು. ಎಕ್ಸ್-ರೇಯಲ್ಲಿ ಕಾಣುವ ಆ ನೇರ ಗೆರೆಗಳು ವೈದ್ಯರಿಗೂ ರೋಗಿಗೂ ಸಮಾಧಾನ ಕೊಟ್ಟವು. ಕೈಗೆ ಅಷ್ಟೇ ಲಾಭವಾಯಿತೇ ಎಂಬ ಪ್ರಶ್ನೆ ಆಮೇಲೆ ಎದ್ದಿತು.

ಉತ್ತರ ಹುಡುಕಿದ ಮೂರು ಅಧ್ಯಯನಗಳನ್ನು ಇಲ್ಲಿ ನೆನೆಯಬೇಕು. ಆಸ್ಟ್ರಿಯಾದಲ್ಲಿ ರೋಹಿತ್ ಅರೋರಾ ಮತ್ತು ಸಂಗಡಿಗರು 65 ದಾಟಿದ 73 ಜನರನ್ನು ಪ್ಲೇಟು, ಪ್ಲಾಸ್ಟರ್ ಎಂದು ಹಂಚಿ ನೋಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಮೂರು ತಿಂಗಳು ಪ್ಲೇಟಿನವರು ಮುಂದಿದ್ದರು. ವರ್ಷ ತುಂಬುವಾಗ ಪ್ಲಾಸ್ಟರಿನವರ ಮೂಳೆ ಎಕ್ಸ್-ರೇಯಲ್ಲಿ ಸೊಟ್ಟಗೇ ಇದ್ದರೂ ಕೈಕೆಲಸದಲ್ಲಿ ಇಬ್ಬರೂ ಸಮನಾಗಿದ್ದರು. ಬ್ರಿಟನ್ನಿನಲ್ಲಿ 461 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ, ಕೆ-ವೈರಿಗೂ ಪ್ಲೇಟಿಗೂ ವರ್ಷದ ಕೊನೆಗೆ ವ್ಯತ್ಯಾಸವಿಲ್ಲ ಎಂದಿತು. 2022ರಲ್ಲಿ ಅದೇ ತಂಡ 500 ಜನರಲ್ಲಿ ಕೆ-ವೈರನ್ನು ಚೆನ್ನಾಗಿ ಆಕಾರ ಕೊಟ್ಟ ಪ್ಲಾಸ್ಟರಿಗೆ ಹೋಲಿಸಿತು. ಅಲ್ಲೂ ವರ್ಷದ ಕೊನೆಗೆ ಕೈ ಒಂದೇ. ಆದರೆ ಪ್ಲಾಸ್ಟರಿನವರಲ್ಲಿ ಎಂಟರಲ್ಲಿ ಒಬ್ಬರಿಗೆ ಆರು ವಾರದೊಳಗೆ ಮೂಳೆ ಜರುಗಿ ಶಸ್ತ್ರಚಿಕಿತ್ಸೆ ಬೇಕಾಯಿತು.

ಹಾಗೆಂದು ಪ್ಲೇಟು ವ್ಯರ್ಥವೆಂದಲ್ಲ. ಕೀಲಿನ ಮೇಲ್ಮೈ ಒಡೆದು ಮೆಟ್ಟಿಲಾಗಿದ್ದರೆ, ಮುರಿದ ತುದಿ ಅಂಗೈ ಕಡೆಗೆ ಜರುಗಿದ್ದರೆ, ರೋಗಿ ಹರೆಯದವನಾಗಿದ್ದರೆ ಬಹಳ ಸಲ ಶಸ್ತ್ರಚಿಕಿತ್ಸೆಯೇ ದಾರಿ. ಈ ಅಧ್ಯಯನಗಳ ಲೆಕ್ಕ ವರ್ಷದ ಕೊನೆಯದು ಎಂಬುದನ್ನೂ ಗಮನಿಸಬೇಕು. ಪಿಂಚಣಿಯಲ್ಲಿರುವ 70ರ ಹಿರಿಯರಿಗೆ ಮೊದಲ ಮೂರು ತಿಂಗಳು ಹೇಗೋ ಸಾಗುತ್ತದೆ. ಆಟೋ ಓಡಿಸುವವನಿಗೆ, ನಾಲ್ಕು ಮನೆಯ ಪಾತ್ರೆ ತೊಳೆಯುವವಳಿಗೆ ಆ ಮೂರು ತಿಂಗಳೇ ಮುಖ್ಯ. ರೋಗಿಯ ದುಡಿಮೆ ಯಾವುದು, ಮನೆಯಲ್ಲಿ ಕೈಜೋಡಿಸುವವರು ಯಾರು ಎಂದು ಕೇಳದೆ ಮಾಡಿದ ಆಯ್ಕೆ ಅರ್ಧ ಆಯ್ಕೆ.

ಗುಣವಾದುದನ್ನು ಅಳೆಯುವುದು ಹೇಗೆ? ಬಹುಕಾಲ ಎಕ್ಸ್-ರೇಯ ಕೋನ, ಕೀಲಿನ ಚಲನೆ, ಹಿಡಿತದ ಬಲ ಇವಿಷ್ಟನ್ನೇ ಅಳೆಯುತ್ತಿದ್ದರು. 1990ರ ದಶಕದಲ್ಲಿ ಕೆನಡಾದ ಜಾಯ್ ಮೆಕ್‌ಡರ್ಮಿಡ್ ಅವರು ರೋಗಿಯನ್ನೇ ಕೇಳುವ 15 ಪ್ರಶ್ನೆಗಳ ಪಟ್ಟಿ ರೂಪಿಸಿದರು. ನೋವಿನ ಬಗ್ಗೆ ಐದು, ಕೆಲಸಗಳ ಬಗ್ಗೆ ಹತ್ತು. ಒಟ್ಟು ಅಂಕ ಸೊನ್ನೆಯಿಂದ 100. ಜಗತ್ತಿನಾದ್ಯಂತ ಇಂದು ಮಣಿಕಟ್ಟಿನ ಸಂಶೋಧನೆ ಇದನ್ನೇ ನೆಚ್ಚಿದೆ. ಆದರೆ ಅದು ಕೇಳುವ ಕೆಲಸಗಳಲ್ಲಿ ಚಾಕುವಿನಿಂದ ಮಾಂಸ ಕತ್ತರಿಸುವುದು, ಕುರ್ಚಿಯಿಂದ ಕೈಯೂರಿ ಏಳುವುದು, ಶೌಚಕ್ಕೆ ಕಾಗದ ಬಳಸುವುದು ಇವೆ. ಬೀದರಿನ ಅಜ್ಜಿಯೊಬ್ಬರಿಗೆ ಈ ಪ್ರಶ್ನೆಗಳು ತಲುಪುವುದು ಅರ್ಧ ಮಾತ್ರ.

ಮಣಿಕಟ್ಟು ಐದು ಡಿಗ್ರಿ ಕೆಳಕ್ಕೆ, 30 ಡಿಗ್ರಿ ಮೇಲಕ್ಕೆ ಬಾಗಿದರೆ ದಿನದ ಬಹುಪಾಲು ಕೆಲಸಗಳು ನಡೆಯುತ್ತವೆಂದು 1985ರ ಅಮೆರಿಕದ ಅಧ್ಯಯನವೊಂದು ಅಳೆದು ಹೇಳಿತು. ನೆಲದ ಮೇಲೆ ನಡೆಯುವ ಬದುಕಿಗೆ ಅಷ್ಟು ಸಾಲದು. ಚಾಪೆಯಿಂದ ಏಳಲು ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿ ಊರಬೇಕು. ಆಗ ಮಣಿಕಟ್ಟು ತನ್ನ ಗಡಿಯವರೆಗೆ ಹಿಂದಕ್ಕೆ ಬಾಗುತ್ತದೆ, ಮೇಲೆ ಮೈಭಾರ ಬೇರೆ. ನಮಾಜಿನಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸುವ ಸಜ್ದಾದಲ್ಲೂ ಹಾಗೆಯೇ. ಎರಡೂ ಅಂಗೈ ಜೋಡಿಸಿ ಎದೆಯ ಮುಂದೆ ನಮಸ್ಕಾರ ಮಾಡಲು ಬರದವರಿಗೆ ಹಿಂಬಾಗು ಇನ್ನೂ ಬಂದಿಲ್ಲವೆಂದೇ ಅರ್ಥ. ಜೋಳದ ರೊಟ್ಟಿಯ ಹಿಟ್ಟು ನಾದುವಾಗ ಭಾರ ಬೀಳುವುದು ಅಂಗೈಯ ಬುಡದ ಮೇಲೆ. ಬಡಿಯುವಾಗ ಮಣಿಕಟ್ಟು ಹಿಂದಕ್ಕೆ ಬಾಗಿಯೇ ಇರಬೇಕು, ಜೊತೆಗೆ ರೊಟ್ಟಿಯನ್ನು ತಿರುಗಿಸುತ್ತಿರಬೇಕು. ಕಲಸಿದ ತುತ್ತನ್ನು ಬಾಯಿಗೆ ಒಯ್ಯಲು, ತೀರ್ಥಕ್ಕೆ ಕೈಯೊಡ್ಡಲು, ಅಂಗಡಿಯವನಿಂದ ಚಿಲ್ಲರೆ ತೆಗೆದುಕೊಳ್ಳಲು ಅಂಗೈ ಮೇಲ್ಮುಖವಾಗಿ ಹೊರಳಬೇಕು. ರೇಡಿಯಸ್ ಗಿಡ್ಡವಾಗಿ ಕೂಡಿದವರಲ್ಲಿ ಮೊದಲು ತಪ್ಪಿಹೋಗುವುದು ಈ ಹೊರಳುವಿಕೆಯೇ. ಎಡಗೈ ಮುರಿದವರು ಬಾಯಿಬಿಟ್ಟು ಹೇಳದ ಕಷ್ಟವೆಂದರೆ ಶೌಚದ ನಂತರ ನೀರಿನಲ್ಲಿ ತೊಳೆದುಕೊಳ್ಳುವುದು. ವೈದ್ಯರು ತಾವಾಗಿ ಕೇಳಿದರೆ ಮಾತ್ರ ಅದು ಹೊರಬರುತ್ತದೆ. ಹೈದರಾಬಾದಿನಲ್ಲೋ ಕಲಬುರಗಿಯಲ್ಲೋ ಕೈ ಮರಳಿತೇ ಎಂದು ನೋಡುವ ಪಟ್ಟಿಯಲ್ಲಿ ಈ ಕೆಲಸಗಳು ಇರಲೇಬೇಕು.

ಕೈ ಮರಳುವ ಕೆಲಸ ಪ್ಲಾಸ್ಟರ್ ಬಿಚ್ಚಿದ ದಿನ ಶುರುವಾಗುವುದಲ್ಲ, ಹಾಕಿದ ದಿನವೇ ಶುರು. ಬೆರಳುಗಳನ್ನು ಪೂರ್ತಿ ಮಡಚಿ, ಪೂರ್ತಿ ಬಿಡಿಸಿ, ಹೆಬ್ಬೆರಳನ್ನು ಕಿರುಬೆರಳಿನ ತುದಿಗೆ ಮುಟ್ಟಿಸುವುದನ್ನು ದಿನಕ್ಕೆ ಹಲವು ಸಲ ಮಾಡಬೇಕು. ಮಲಗುವಾಗ ಕೈ ದಿಂಬಿನ ಮೇಲಿರಲಿ. ಜೋಳಿಗೆಯಲ್ಲಿ ಕೈ ತೂಗುಹಾಕಿಕೊಂಡು ಆರು ವಾರ ಕೂತ ಹಿರಿಯರ ಭುಜವೇ ಹಿಡಿದುಬಿಡುತ್ತದೆ. ತೋಳನ್ನು ದಿನವೂ ತಲೆಯ ಮೇಲಕ್ಕೆ ಎತ್ತಬೇಕು. ಐದಾರು ವಾರಕ್ಕೆ ಪಟ್ಟಿ ಬಿಚ್ಚಿದಾಗ ಕೈ ಸೊರಗಿ, ಚರ್ಮ ಒಣಗಿ, ಮಣಿಕಟ್ಟು ಬಿಗಿದಿರುತ್ತದೆ. ಅದನ್ನು ಕಂಡು ಎದೆಗುಂದುವವರೇ ಹೆಚ್ಚು. ಹಾಗಾಗುವುದು ಸಹಜ ಎಂದು ಮೊದಲೇ ತಿಳಿಸಿರಬೇಕು. ಬೆಚ್ಚನೆಯ ನೀರಿನಲ್ಲಿ ಕೈಯಿಟ್ಟು ಮಣಿಕಟ್ಟು ಆಡಿಸುವುದು, ಮೊಣಕೈ ಪಕ್ಕೆಗೆ ಒತ್ತಿ ಹಿಡಿದು ಲಟ್ಟಣಿಗೆಯನ್ನು ಅತ್ತಿತ್ತ ಹೊರಳಿಸುವುದು, ಕೆಲವು ವಾರಗಳ ಮೇಲೆ ಒದ್ದೆ ಬಟ್ಟೆ ಹಿಂಡುವುದು, ಹಿಟ್ಟು ನಾದುವುದು ಹೀಗೆ ಭಾರ ಏರಿಸುತ್ತ ಹೋಗಬಹುದು. ಎಣ್ಣೆ ಹಚ್ಚಿ ಬಲವಂತವಾಗಿ ತಿಕ್ಕಿಸುವುದರಿಂದ ಮಾತ್ರ ಊತ, ನೋವು ಹೆಚ್ಚುತ್ತದೆ. ತೊಡಕಿಲ್ಲದ ಮುರಿತದಲ್ಲಿ ವ್ಯಾಯಾಮವನ್ನು ಸರಿಯಾಗಿ ಕಲಿತು ಮನೆಯಲ್ಲೇ ಮಾಡಿದವರು ಫಿಸಿಯೊಥೆರಪಿ ಕೇಂದ್ರಕ್ಕೆ ಅಲೆದವರಿಗಿಂತ ಹಿಂದೆ ಬೀಳಲಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ದೂರದ ಊರಿಂದ ಬಂದವರಿಗೆ ಇದು ನೆಮ್ಮದಿಯ ಸುದ್ದಿ, ಕಲಿಸುವವರು ಅವರ ಭಾಷೆಯಲ್ಲಿ, ಕೈ ಹಿಡಿದು ಕಲಿಸಿದ್ದರೆ. ಮೂರು ತಿಂಗಳಿಗೆ ದಿನದ ಕೆಲಸಗಳಲ್ಲಿ ಹೆಚ್ಚಿನವು, ಆರು ತಿಂಗಳಿಗೆ ಸುಧಾರಣೆಯ ಬಹುಪಾಲು ಕೈಗೂಡುತ್ತದೆ. ಹಿಡಿತದ ಬಲ ವರ್ಷದವರೆಗೂ ಏರುತ್ತಿರುತ್ತದೆ.

ಕೆಲವರಲ್ಲಿ ಹೀಗಾಗುವುದಿಲ್ಲ. ಮುರಿತಕ್ಕೆ ತಕ್ಕುದಲ್ಲದ ಉರಿನೋವು, ಹೊಳೆಯುವ ಚರ್ಮ, ಬೆವರು, ಬಣ್ಣ ಬದಲಾಗುವುದು, ಬೆರಳು ಸೆಟೆಯುವುದು ಕಂಡರೆ ಅದು ನರಗಳ ನೋವಿನ ತೊಡಕು. ಬೇಗ ಗುರುತಿಸಿ ಕೈಯಾಡಿಸಿದಷ್ಟೂ ಒಳ್ಳೆಯದು. ದಿನಕ್ಕೆ 500 ಮಿಲಿಗ್ರಾಂ ಸಿ ವಿಟಮಿನ್ ಇದನ್ನು ತಡೆಯುತ್ತದೆಂದು 1999ರ ಡಚ್ ಅಧ್ಯಯನ ಹೇಳಿತು, 2014ರ ಎಡಿನ್‌ಬರೋ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಜರುಗದ ಸಣ್ಣ ಬಿರುಕಿನಲ್ಲೂ ಕೆಲವು ವಾರಗಳ ಬಳಿಕ ಹೆಬ್ಬೆರಳು ಎತ್ತುವ ಸ್ನಾಯುರಜ್ಜು ಸವೆದು ತಟ್ಟನೆ ಹರಿಯುವುದುಂಟು. ಆಗ ತೋರುಬೆರಳಿನ ಹೆಚ್ಚುವರಿ ರಜ್ಜುವನ್ನು ಅಲ್ಲಿಗೆ ಜೋಡಿಸುತ್ತಾರೆ. ಸೊಟ್ಟಗೆ ಕೂಡಿದ ಮೂಳೆ ಕೆಲಸಕ್ಕೆ ಅಡ್ಡಿಯಾದರೆ, ನೋವು ಕೊಟ್ಟರೆ, ಅದನ್ನು ಕತ್ತರಿಸಿ ನೇರವಾಗಿಸಿ ಪ್ಲೇಟು ಹಾಕಬಹುದು. ನೋಡಲು ಸೊಟ್ಟಗಿದೆ ಎಂಬುದಷ್ಟೇ ಅದಕ್ಕೆ ಕಾರಣವಾಗಬಾರದು.

ಜಾರಿ ಬಿದ್ದಷ್ಟಕ್ಕೆ ಮಣಿಕಟ್ಟು ಮುರಿದ ಹೆಂಗಸಿನ ಚಿಕಿತ್ಸೆ ಮಣಿಕಟ್ಟಿಗೇ ಮುಗಿಯುವುದಿಲ್ಲ. ಮುಂದೆ ಬೆನ್ನುಮೂಳೆ, ಸೊಂಟದ ಮೂಳೆ ಮುರಿಯುವ ಸಾಧ್ಯತೆ ಅವಳಿಗೆ ಇತರರಿಗಿಂತ ಹೆಚ್ಚು. ಈ ವಿಷಯದಲ್ಲಿ ದೇಶಕ್ಕೇ ಮುಖ್ಯವಾದ ಮಾಹಿತಿ ಹೊರಟಿದ್ದು ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯಿಂದ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಇಲ್ಲಿಗೆ ಬಂದ ಈ ಸಂಸ್ಥೆಯಲ್ಲಿ ವೀಣಾ ಶತ್ರುಘ್ನ ಮತ್ತು ಸಂಗಡಿಗರು ಬಡ ಕುಟುಂಬಗಳ 30ರಿಂದ 60 ವರ್ಷದ ಮಹಿಳೆಯರ ಮೂಳೆ ಸಾಂದ್ರತೆ ಅಳೆದು 2005ರಲ್ಲಿ ಪ್ರಕಟಿಸಿದರು. ಶ್ರೀಮಂತ ದೇಶಗಳ ಅಂಕಿಗಳಿಗಿಂತ ಅದು ಎಲ್ಲ ಭಾಗಗಳಲ್ಲೂ ಬಹಳ ಕೆಳಗಿತ್ತು, ಊಟದ ಸುಣ್ಣದಂಶವೂ (ಕ್ಯಾಲ್ಸಿಯಂ) ತೀರಾ ಕಡಿಮೆಯಿತ್ತು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಇದೇ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ಅದರ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೋಳದಲ್ಲಿ 28ರಷ್ಟು. ಅಕ್ಕಿಯಲ್ಲಿ ಇನ್ನೂ ಕಡಿಮೆ. ಜೋಳ, ಅಕ್ಕಿಗಳನ್ನೇ ಉಣ್ಣುವ ತೆಲಂಗಾಣ ಮತ್ತು ಕಲ್ಯಾಣ ಕರ್ನಾಟಕದ ಮನೆಗಳಿಗೆ ಹಾಲು, ಮೊಸರು, ಸೊಪ್ಪು ಹೆಚ್ಚು ಬೇಕೆಂಬುದು ಇದರಿಂದ ಗೊತ್ತಾಗುತ್ತದೆ. ಎಳ್ಳಿನಲ್ಲೂ ಕ್ಯಾಲ್ಸಿಯಂ ಇರುವುದರಿಂದ, ಸಜ್ಜೆ ರೊಟ್ಟಿಗೆ ಎಳ್ಳು ಮೆತ್ತುವ ಪದ್ಧತಿ ಸಂಕ್ರಾಂತಿಗಷ್ಟೇ ಸೀಮಿತವಾಗಬೇಕಿಲ್ಲ. ಇಷ್ಟು ಬಿಸಿಲಿನ ನಾಡಿನಲ್ಲೂ ಡಿ ವಿಟಮಿನ್ ಕೊರತೆ ಸಾಮಾನ್ಯ. ಅದನ್ನೂ ರಕ್ತದಲ್ಲಿ ನೋಡಿ ತುಂಬಿಕೊಡಬೇಕು.

ಮೂಳೆ ಸವೆತವನ್ನು ಡೆಕ್ಸಾ ಎಂಬ ಸ್ಕ್ಯಾನಿನಿಂದ ಅಳೆಯುತ್ತಾರೆ. ಸವೆತ ಖಚಿತವಾದರೆ ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲ ಮುಂದಿನ ಮುರಿತಗಳನ್ನು ತಗ್ಗಿಸುತ್ತದೆ. ಅಲೆಂಡ್ರೊನೇಟ್ ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು. ಇಲ್ಲವಾದರೆ ಅನ್ನನಾಳ ಸುಡಬಹುದು. ಈ ಮದ್ದುಗಳು ಮಣಿಕಟ್ಟು ಕೂಡುವುದಕ್ಕೆ ಅಡ್ಡಬರುವುದಿಲ್ಲ. ಎರಡನೆಯ ಮುರಿತದ ಅಪಾಯ ಅತಿ ಹೆಚ್ಚಿರುವುದು ಮೊದಲ ಮುರಿತದ ನಂತರದ ಒಂದೆರಡು ವರ್ಷಗಳಲ್ಲೇ ಆದ್ದರಿಂದ, ಪ್ಲಾಸ್ಟರ್ ಬಿಚ್ಚುವ ದಿನವೇ ಡೆಕ್ಸಾ ಬರೆದುಕೊಡಬೇಕು. ಬಚ್ಚಲಿನ ಗೋಡೆಗೆ ಹಿಡಿಕೆ, ನೆಲಕ್ಕೆ ಒರಟು ಹಾಸು ಹಾಕಿಸುವಂತೆ ಜೊತೆಗೆ ಬಂದ ಮಗನಿಗೋ ಸೊಸೆಗೋ ಅಂದೇ ಹೇಳಬೇಕು.